ಒಂದೇ ಕೋಣೆಯಲ್ಲಿ ಮರಗೆಲಸ, ಕಬ್ಬಿಣದ ಕೆಲಸ

ತೇಗದ ಹಲಗೆಯೊಂದನ್ನು ನಯವಾಗಿ ಉಜ್ಜಿ, ನೀರು ಬೆರೆಸುವ ಪಾಲಿಶ್ ಹಚ್ಚಿ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಮೇಲೆಲ್ಲ ಕಪ್ಪು ಚುಕ್ಕಿ, ಸಾಸಿವೆ ಎರಚಿದ ಹಾಗೆ. ಹಿಂದಿನ ದಿನ ಅದೇ ಮೇಜಿನ ಮೇಲೆ ಕಬ್ಬಿಣ ಗ್ರೈಂಡ್ ಮಾಡಿದ್ದೆ. ಆ ಪುಡಿ ಮರದ ಎಳೆಯೊಳಗೆ ಕೂತು, ತೇವ ತಾಗಿದ್ದೇ ತಡ ಮರದ ಟ್ಯಾನಿನ್ (ಒಗರಿನ ಅಂಶ) ಜೊತೆ ಸೇರಿ ಕಪ್ಪಾಗಿತ್ತು. ಆಕ್ಸಾಲಿಕ್ ಆಸಿಡ್ ಹಚ್ಚಿದರೆ ಕಲೆ ಹೋಗುತ್ತದೆ ನಿಜ, ಆದರೆ ಮೊದಲು ಪಾಲಿಶ್ ಪೂರ್ತಿ ಕೆರೆದು ತೆಗೀಬೇಕು. ಕೈಗವಸು ಬೇರೆ ಬೇಕು, ಆ ಆಸಿಡ್ ವಿಷ.

ಅಲ್ಲಿಯವರೆಗೆ ನಾನು ಸಲಕರಣೆ ನೋಡಿಕೊಂಡು ಜಾಗ ಹೊಂದಿಸಿದ್ದೆ. ಗರಗಸ ಎಲ್ಲ ಒಂದು ಕಡೆ, ಸುತ್ತಿಗೆ ಎಲ್ಲ ಇನ್ನೊಂದು ಕಡೆ. ಆಮೇಲೆ ಕಸ ನೋಡಿಕೊಂಡು ಹೊಂದಿಸಿದೆ. ಹೊಟ್ಟು ಬೀಳುವ ಕೆಲಸ ಒಳಗಿನ ಮೂಲೆಗೆ, ಕಿಡಿ ಹಾರುವ ಕೆಲಸ ಬಾಗಿಲ ಹತ್ತಿರ, ನಡುವೆ ಒಂದು ತಗಡಿನ ಶೀಟ್.

ಆ ಶೀಟ್ ಬಂದಿದ್ದಕ್ಕೂ ಒಂದು ಕಾರಣ ಇದೆ. ಒಂದು ಸಂಜೆ ಗ್ರೈಂಡರ್ ಕೆಲಸ ಮುಗಿಸಿ, ಊಟ ಮಾಡಿ, ಮರೆತಿದ್ದ ಫೋನ್ ತಗೊಳ್ಳೋಕೆ ವಾಪಸ್ ಬಂದರೆ ಸುಟ್ಟ ವಾಸನೆ. ಬೆಂಕಿ ಎಲ್ಲೂ ಕಾಣಲಿಲ್ಲ. ಮೇಜಿನ ಕೆಳಗಿನ ಹೊಟ್ಟಿನ ಗುಡ್ಡೆಯನ್ನು ಕಾಲಲ್ಲಿ ಕೆದಕಿದೆ, ಒಳಗೆ ಕೆಂಪು! ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಥೇಟ್ ಅದೇ. ಫೋನ್ ಮರೆಯದೇ ಇದ್ದಿದ್ದರೆ? ಈಗ ಗುಡಿಸದೆ ಗ್ರೈಂಡರ್ ಮುಟ್ಟಲ್ಲ, ಗ್ರೈಂಡ್ ಮಾಡಿದ ಮೇಲೆ ಒಂದು ಗಂಟೆಯಾದರೂ ಅಲ್ಲೇ ಏನಾದರೂ ಕೈಯಾಡಿಸುತ್ತಾ ಇರುತ್ತೇನೆ. ಹೊಟ್ಟು ಎಳೆಯುವ ವ್ಯಾಕ್ಯೂಮ್‌ನಲ್ಲಿ ಬಿಸಿ ಕಬ್ಬಿಣದ ಪುಡಿ ಎಳೆಯೋದಂತೂ ಇಲ್ಲವೇ ಇಲ್ಲ, ಆ ಚೀಲ ಒಲೆಯಾಗಿಬಿಡುತ್ತೆ.

ಮೇಜು ಎರಡು ಮಾಡಿದೆ. ಕೀಸುಳಿ ತಳ್ಳುವ ಮೇಜು ತಗ್ಗಾಗಿರಬೇಕು, ಮೈಭಾರ ಬೀಳಬೇಕಲ್ವಾ. ಅರ ಹಾಕುವಾಗ ತುಂಡು ಬಿಗಿಯಾಗಿ ಹಿಡಿಯುವ ವೈಸ್‌ನ ಬಾಯಿ ಮೊಣಕೈ ಎತ್ತರಕ್ಕೆ. ಡ್ರಿಲ್ ಮೆಷಿನ್ ಮಾತ್ರ ಒಂದೇ, ಎರಡಕ್ಕೆ ಜಾಗ ಇಲ್ಲ. 12 ಮಿಮೀ ಬಿಟ್ ಹಾಕಿ ಸ್ಟೀಲಿಗೆ ತೂತು ಹೊಡೆಯುವಾಗ 600 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಆಸುಪಾಸು ಸಾಕು, ಮರಕ್ಕೆ 1,500 ಆದರೂ ನಡೆಯುತ್ತದೆ, ಹಾಗಾಗಿ ಪ್ರತಿ ಸಲ ಬೆಲ್ಟ್ ಜಾಗ ಬದಲಿಸಬೇಕು, ಬೇಜಾರಿನ ಕೆಲಸ. ಮರ ಇಡುವ ಮುಂಚೆ ಅದರ ಟೇಬಲ್ ಮೇಲೆ ಹೊಸ ಪ್ಲೈವುಡ್ ತುಂಡು ಹಾಕುತ್ತೇನೆ, ಎಣ್ಣೆ ಹತ್ತಬಾರದು ಅಂತ.

ಅರ, ಉಪ್ಪು ಕಾಗದ, ಬ್ರಶ್ ಎಲ್ಲ ಎರಡೆರಡು ಸೆಟ್. ಕಬ್ಬಿಣದ ಕಡೆಯದಕ್ಕೆ ಕೆಂಪು ಬಣ್ಣ. ಇಷ್ಟೆಲ್ಲ ಮಾಡಿದ ಮೇಲೂ ಚುಕ್ಕಿ ಬಂತು! ಮೋಸ ಮಾಡಿದ್ದು ಪೊರಕೆ. ಎರಡೂ ಕಡೆ ಒಂದೇ ಪೊರಕೆಯಲ್ಲಿ ಗುಡಿಸುತ್ತಿದ್ದೆ.

ಈಗ ಮರ ಹಿಡಿಯುವ ಮುಂಚೆ ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ಮೇಜಿನ ಮೇಲೆ ಆಡಿಸುತ್ತೇನೆ, ಆಮೇಲೆ ಚೀಲ ಮಗುಚಿ ಬಿಸಾಡಿದರೆ ಆಯ್ತು. ಅಲ್ಯೂಮಿನಿಯಂ ಇದಕ್ಕೆ ಅಂಟಲ್ಲ, ಅದಕ್ಕೆ ಬ್ರಶ್ಶೇ ಗತಿ. ಇವತ್ತು ಬೆಳಿಗ್ಗೆಯೂ ಚೀಲದ ತುದಿಗೆ ಸಣ್ಣ ಕಪ್ಪು ಮೀಸೆ ಬಂದಿತ್ತು.