ಮಾಡೆಲಿಂಗ್ ಮೈಕ್: ಮೊದಲು ಗೇನ್, ಆಮೇಲೆ ಜಾಗ, ಕೊನೆಗೆ ಮಾಡೆಲ್

ಹಿಡಿದ ಧ್ವನಿಯನ್ನು ಪ್ಲಗಿನ್ ಎಂಬ ಸಾಫ್ಟ್‌ವೇರ್‌ನಿಂದ ಬೇರೆ ಹೆಸರಾಂತ ಮೈಕ್‌ನದ್ದರಂತೆ ಕೇಳಿಸುವುದು ಮಾಡೆಲಿಂಗ್ ಮೈಕ್. ಅದು ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಪ್ಲಗಿನ್‌ನಲ್ಲಿರುವ ಹಳೆಯ ಮೈಕ್‌ಗಳ ಪಟ್ಟಿಯ ಮೇಲೆ. ನಾನು ಆ ಪಟ್ಟಿಯನ್ನು ಎಲ್ಲಕ್ಕಿಂತ ಕೊನೆಗೆ ತೆರೆಯುತ್ತೇನೆ. ಅದಕ್ಕೂ ಮೊದಲಿನ ಕೆಲಸ ಕೆಟ್ಟಿದ್ದರೆ ಯಾವ ಮಾಡೆಲ್ ಆರಿಸಿದರೂ ಧ್ವನಿ ಎಲ್ಲೋ ಡಬ್ಬಿಯೊಳಗಿಂದ ಬಂದಂತೆಯೇ ಇರುತ್ತದೆ. ಆಗ ಬೈಗುಳ ತಿನ್ನುವುದು ಮಾತ್ರ ಮೈಕ್.

ಈ ಮೈಕ್‌ಗಳಲ್ಲಿ ಎರಡು ಜಾತಿ. ಒಂದೇ ಚಾನೆಲ್‌ನದ್ದು, ಉದಾಹರಣೆಗೆ ಸ್ಲೇಟ್‌ನ ಎಂಎಲ್-1: ಆದಷ್ಟು ಬಣ್ಣವಿಲ್ಲದ ಸಿಗ್ನಲ್ ಹಿಡಿದುಕೊಂಡು, ಆಮೇಲೆ ಪ್ಲಗಿನ್‌ನಲ್ಲಿ ಬೇಕಾದ ಮೈಕ್‌ನ ಫ್ರೀಕ್ವೆನ್ಸಿ ಸ್ವಭಾವವನ್ನೂ ಸ್ಯಾಚುರೇಶನ್ನನ್ನೂ (ಸದ್ದು ಜೋರಾದಾಗ ಸೇರುವ ಲಘು ವಿಕೃತಿ) ಹಚ್ಚುತ್ತದೆ. ಇನ್ನೊಂದು ಎರಡು ಚಾನೆಲ್‌ನದ್ದು: ಟೌನ್‌ಸೆಂಡ್ ಲ್ಯಾಬ್ಸ್‌ನ ಸ್ಫಿಯರ್ ಎಲ್22 (2021ರಲ್ಲಿ ಆ ಕಂಪನಿ ಯೂನಿವರ್ಸಲ್ ಆಡಿಯೊ ಪಾಲಾಯಿತು), ಆಂಟೆಲೋಪ್‌ನ ಎಡ್ಜ್ ಡ್ಯುಯೊ. ಇವುಗಳಲ್ಲಿ ಮುಂದಿನ ಡಯಾಫ್ರಮ್ (ಸದ್ದಿಗೆ ಅದುರುವ ತೆಳು ಪೊರೆ) ಒಂದು ಚಾನೆಲ್‌ಗೆ, ಹಿಂದಿನದು ಇನ್ನೊಂದಕ್ಕೆ ಬೇರೆಬೇರೆಯಾಗಿ ಬರುತ್ತವೆ. ನಾನು ಬಳಸುವುದು ಈ ಎರಡನೆಯ ಜಾತಿ. ಮುಂದಿನದೆಲ್ಲ ಅದರ ಬಗ್ಗೆಯೇ.

ಎರಡು ಚಾನೆಲ್ ಯಾಕೆ ಬೇಕು ಅನ್ನುವುದರ ಹಿಂದೆ ಸರಳ ಲೆಕ್ಕವಿದೆ. ಮುಂದಿನದೂ ಕಾರ್ಡಿಯಾಯ್ಡ್ (ಎದುರಿನ ಸದ್ದನ್ನು ಹೆಚ್ಚು ಹಿಡಿದು ಬೆನ್ನ ಕಡೆಯದನ್ನು ಬಿಡುವಂಥದ್ದು), ಹಿಂದಿನದೂ ಕಾರ್ಡಿಯಾಯ್ಡ್, ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ. ಎರಡನ್ನೂ ಸಮವಾಗಿ ಕೂಡಿದರೆ ಓಮ್ನಿ, ಅಂದರೆ ಎಲ್ಲ ದಿಕ್ಕಿನ ಸದ್ದೂ ಒಂದೇ ಸಮ. ಹಿಂದಿನದನ್ನು ಪೂರ್ತಿ ಬಿಟ್ಟರೆ ಕಾರ್ಡಿಯಾಯ್ಡ್. ಮುಂದಿನದರಿಂದ ಹಿಂದಿನದನ್ನು ಪೂರ್ತಿ ಕಳೆದರೆ ಫಿಗರ್-8 (ಹಿಂದೆ ಮುಂದೆ ಹಿಡಿದು ಪಕ್ಕದ್ದನ್ನು ಬಿಡುವಂಥದ್ದು), ಅರ್ಧ ಮಾತ್ರ ಕಳೆದರೆ ಹೈಪರ್‌ಕಾರ್ಡಿಯಾಯ್ಡ್ (ಕಾರ್ಡಿಯಾಯ್ಡ್‌ಗಿಂತ ಇಕ್ಕಟ್ಟಿನದು). ಈ ಬೆರಕೆಯನ್ನು ಬೇರೆಬೇರೆ ಫ್ರೀಕ್ವೆನ್ಸಿಯಲ್ಲಿ ಬೇರೆಬೇರೆ ಪ್ರಮಾಣದಲ್ಲಿ ಮಾಡಬಹುದಾದ್ದರಿಂದ, ಮೂಲ ಮೈಕ್ ಪಕ್ಕದಿಂದ ಬರುವ ಸದ್ದನ್ನು ಹೇಗೆ ಹಿಡಿಯುತ್ತಿತ್ತು, ಬಾಯಿ ಹತ್ತಿರ ಬಂದಾಗ ಬೇಸ್ ಎಷ್ಟು ಏರುತ್ತಿತ್ತು ಅನ್ನುವುದನ್ನೂ ಅನುಕರಿಸಲು ಸಾಧ್ಯ. ಒಂದೇ ಚಾನೆಲ್‌ನ ಮೈಕ್‌ಗೆ ಇದು ಆಗದು. ಅಲ್ಲಿ ಬದಲಾಗುವುದು ಬಣ್ಣ, ಕಿವಿ ಇರುವ ದಿಕ್ಕಲ್ಲ.

ಕೂಡುವುದು ಕಳೆಯುವುದೇ ಇಡೀ ಆಟವಾದ್ದರಿಂದ ಎರಡು ಪ್ರಿಆಂಪ್‌ಗಳ (ಮೈಕ್‌ನ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಭಾಗ) ಗೇನ್, ಅಂದರೆ ಹಿಗ್ಗಿಸುವ ಪ್ರಮಾಣ, ಒಂದೇ ಇರಬೇಕು. ‘ಹತ್ತಿರ ಹತ್ತಿರ’ ಇದ್ದರೆ ಸಾಲದು. ಫಿಗರ್-8ರಲ್ಲಿ ಸರಿಯಾಗಿ ಪಕ್ಕದಿಂದ, ಅಂದರೆ 90 ಡಿಗ್ರಿಯಿಂದ ಬರುವ ಸದ್ದು ಪೂರ್ತಿ ಅಳಿಯಬೇಕು. ಎರಡು ಚಾನೆಲ್ ನಡುವೆ 1 ಡೆಸಿಬೆಲ್ ವ್ಯತ್ಯಾಸವಿದ್ದರೆ ಪಕ್ಕದ ಸದ್ದು ಮುಂದಿನದಕ್ಕಿಂತ ಸುಮಾರು 25 ಡೆಸಿಬೆಲ್ ಮಾತ್ರ ಕಡಿಮೆಯಾಗುತ್ತದೆ. 3 ಡೆಸಿಬೆಲ್ ವ್ಯತ್ಯಾಸವಿದ್ದರೆ ಆ ಇಳಿತ 17ರ ಆಸುಪಾಸಿಗೇ ನಿಲ್ಲುತ್ತದೆ. ಅಷ್ಟೇ ಅಲ್ಲ, ಸದ್ದು ಅಳಿಯುವ ಕೋನವೇ ಹತ್ತು ಡಿಗ್ರಿ ಸರಿದುಹೋಗುತ್ತದೆ. ಗುಬ್ಬಿ ತಿರುಗಿಸಿ ಗೇನ್ ಇಡುವ ಇಂಟರ್‌ಫೇಸ್‌ನಲ್ಲಿ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಎರಡೂ ಗುಬ್ಬಿ ‘ಒಂದೇ ಗಂಟೆಗೆ’ ತೋರಿಸಿದರೂ ಒಳಗೆ 2-3 ಡೆಸಿಬೆಲ್ ಅಂತರ ಇರುವುದು ಮಾಮೂಲು. ಗೇನನ್ನು ಅಂಕಿಯಲ್ಲಿ ತೋರಿಸಿ ಹೆಜ್ಜೆಹೆಜ್ಜೆಯಾಗಿ ಬದಲಿಸುವ ಇಂಟರ್‌ಫೇಸ್ ಇದ್ದರೆ, ಎರಡು ಚಾನೆಲನ್ನು ಲಿಂಕ್ ಮಾಡಿಬಿಡಿ, ತಲೆನೋವು ಅಲ್ಲಿಗೆ ಬಹುತೇಕ ಮುಗಿಯಿತು.

ಗುಬ್ಬಿಯೇ ಗತಿ ಅಂದರೆ ಕಣ್ಣಿನಿಂದಲ್ಲ, ಕಳೆಯುವುದರಿಂದಲೇ ಹೊಂದಿಸಬೇಕು. ಒಂದೇ ಡಯಾಫ್ರಮ್‌ನ ಸದ್ದನ್ನು ಎರಡೂ ಚಾನೆಲ್‌ಗೆ ಕಳಿಸುವ ಹೊಂದಾಣಿಕೆ ಸ್ವಿಚ್ ಮೈಕ್‌ನಲ್ಲಿದ್ದರೆ ಅದನ್ನು ಹಾಕಿ. ಸ್ಪೀಕರ್‌ನಲ್ಲಿ ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸುವ ಭೋರ್ಗರೆಯುವ ಸದ್ದು) ಬಿಟ್ಟು, ಒಂದು ಚಾನೆಲ್‌ನ ಪೊಲಾರಿಟಿ ತಿರುಗಿಸಿ (ಅಂದರೆ ಅಲೆಯನ್ನು ತಲೆಕೆಳಗು ಮಾಡಿ), ಎರಡನ್ನೂ ಮೋನೊಗೆ ಕೂಡಿಸಿ. ಈಗ ಎರಡನೆಯ ಗುಬ್ಬಿಯನ್ನು ಕೂದಲೆಳೆಯಷ್ಟು ಆಚೀಚೆ ಮಾಡುತ್ತ, ಕೂಡಿದ ಸದ್ದು ಅತ್ಯಂತ ಸಣ್ಣದಾಗುವ ಜಾಗ ಹುಡುಕಬೇಕು. 1 ಡೆಸಿಬೆಲ್ ಅಂತರವಿದ್ದರೆ ಸದ್ದು 19 ಡೆಸಿಬೆಲ್ ಇಳಿದು ನಿಲ್ಲುತ್ತದೆ, 0.1ಕ್ಕೆ ಬಂದರೆ 39ರವರೆಗೆ ಇಳಿಯುತ್ತದೆ. ನಾನು 35 ದಾಟಿದರೆ ಕೈಬಿಡುತ್ತೇನೆ. ಆ ಸ್ವಿಚ್ ಇಲ್ಲದ ಮೈಕ್‌ನಲ್ಲಿ ಸ್ಪೀಕರನ್ನು ಮೈಕ್‌ನ ಪಕ್ಕೆಗೆ ಸರಿಯಾಗಿ 90 ಡಿಗ್ರಿಯಲ್ಲಿ, 30 ಸೆಂಟಿಮೀಟರ್ ದೂರದಲ್ಲಿ ಇಡಿ. ಎರಡೂ ಡಯಾಫ್ರಮ್‌ಗೆ ಸಮನಾದ ಸದ್ದು ಬೀಳುತ್ತದೆ. ಮೈಕ್ ಕೋಣೆಯ ನಡುವೆ ಇರಲಿ. ಗೋಡೆ ಹತ್ತಿರವಿದ್ದರೆ ಮರುಧ್ವನಿ ಒಂದು ಬದಿಗೆ ಜಾಸ್ತಿ ಬಿದ್ದು ಅಳತೆ ಸುಳ್ಳಾಗುತ್ತದೆ. ಈ ವಿಧಾನದಲ್ಲಿ 35 ಸಿಗುವುದಿಲ್ಲ, ಸಿಕ್ಕಷ್ಟಕ್ಕೆ ತೃಪ್ತಿ. ಹೊಂದಿಸಿದ ಮೇಲೆ ಗುಬ್ಬಿಗಳ ಮೇಲೆ ಪೇಪರ್ ಟೇಪ್ ಅಂಟಿಸಿ ಗೆರೆ ಎಳೆದುಬಿಡಿ. ಹಾಡುಗಾರ ಜೋರಾಗಿ ಹಾಡಿದರೆ ಗುಬ್ಬಿಗೆ ಕೈ ಹಾಕದೆ ಮೈಕ್‌ನ ಪ್ಯಾಡ್ (ಸಿಗ್ನಲ್ ತಗ್ಗಿಸುವ ಸ್ವಿಚ್) ಬಳಸಿ.

ತಂತಿ ಜೋಡಣೆಯಲ್ಲಿ ಆಗುವ ತಪ್ಪು ಮೂರೇ, ಮೂರಕ್ಕೂ ಗುರುತು ಬೇರೆ. ಮುಂದಿನ, ಹಿಂದಿನ ಕೇಬಲ್ ಅದಲುಬದಲಾದರೆ ಧ್ವನಿ ಮಂಕಾಗಿ, ಮಾತಿಗಿಂತ ಕೋಣೆಯೇ ಹೆಚ್ಚು ಕೇಳುತ್ತದೆ. ಮೈಕ್ ಮುಂದೆ ಮಾತಾಡಿ ಯಾವ ಮೀಟರ್ ಜಾಸ್ತಿ ಏರುತ್ತದೆ ನೋಡಿದರೆ ಗೊತ್ತಾಗುತ್ತದೆ. ಒಂದು ಚಾನೆಲ್‌ನ ಪೊಲಾರಿಟಿ ತಿರುಗಿದ್ದರೆ ಓಮ್ನಿ ಆರಿಸಿದಾಗ ಫಿಗರ್-8, ಫಿಗರ್-8 ಆರಿಸಿದಾಗ ಓಮ್ನಿ ಸಿಗುತ್ತದೆ. ಮೈಕ್ ಸುತ್ತ ನಡೆಯುತ್ತ ಎಣಿಸಿದರೆ ಇದು ಬಯಲಾಗುತ್ತದೆ. ಮೈಕ್‌ಗೆ ಕೇಬಲ್ ಮೂಲಕವೇ ಹೋಗುವ 48 ವೋಲ್ಟ್ ವಿದ್ಯುತ್ತನ್ನು ಒಂದೇ ಚಾನೆಲ್‌ಗೆ ಕೊಟ್ಟು ಇನ್ನೊಂದನ್ನು ಮರೆಯುವುದು ಮೂರನೆಯದು. ಎರಡಕ್ಕೂ ಕೊಟ್ಟು, ಹತ್ತು ನಿಮಿಷ ಬಿಟ್ಟು ಅಳತೆಗೆ ಕೂರುವುದು ನನ್ನ ಪದ್ಧತಿ.

ರೆಕಾರ್ಡಿಂಗ್ ಸ್ಟೀರಿಯೊ ಟ್ರ್ಯಾಕ್‌ನಲ್ಲಿ, 24 ಬಿಟ್, 48 ಕಿಲೋಹರ್ಟ್ಜ್. ಪೀಕ್ ಮೈನಸ್ 12 ಡೆಸಿಬೆಲ್ ಸುತ್ತ ಇದ್ದರೆ ಸಾಕು. ಮಾಡೆಲಿಂಗ್ ಪ್ಲಗಿನ್ ಟ್ರ್ಯಾಕ್‌ನ ಪ್ಲಗಿನ್‌ಗಳ (ಇನ್ಸರ್ಟ್) ಸಾಲಿನಲ್ಲಿ ಮೊದಲನೆಯದಾಗಿರಲೇಬೇಕು. ಅದಕ್ಕೂ ಮುಂಚೆ ಇಕ್ಯೂ, ಕಂಪ್ರೆಸರ್, ಪ್ರಿಆಂಪ್‌ನ ಲೋ-ಕಟ್ ಯಾವುದೂ ಬೇಡ. ಲೋ-ಕಟ್ ಬರೀ ಕೆಳಗಿನ ಸದ್ದನ್ನು ಕತ್ತರಿಸುವುದಿಲ್ಲ, ಅದರ ಸುತ್ತ ಫೇಸನ್ನೂ (ಅಲೆ ಏರಿಳಿಯುವ ಹೊತ್ತು) ತಿರುಗಿಸುತ್ತದೆ. ಎರಡು ಚಾನೆಲ್‌ನಲ್ಲಿ ಬೇರೆಬೇರೆ ತಿರುಗಿದರೆ ಮೇಲೆ ಹೇಳಿದ ಲೆಕ್ಕವೆಲ್ಲ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಕೆಟ್ಟಿತು. ಬಣ್ಣ ಹಚ್ಚುವ ಟ್ರಾನ್ಸ್‌ಫಾರ್ಮರ್ ಪ್ರಿಆಂಪ್‌ನ ಮೋಹವನ್ನೂ ಇಲ್ಲಿ ಬಿಡುವುದು ಒಳ್ಳೆಯದು. ಸಾದಾ, ಸ್ವಚ್ಛ ಪ್ರಿಆಂಪೇ ಈ ಮೈಕ್‌ಗೆ ಹೊಂದುತ್ತದೆ.

ಹಾಡುವವರ ಹೆಡ್‌ಫೋನ್‌ಗೆ ಮಾಡೆಲ್ ಮಾಡಿದ ಧ್ವನಿಯನ್ನೇ ಕೊಡುತ್ತೇನೆ. ಬೆಚ್ಚಗಿನ ಧ್ವನಿ ಕೇಳಿದರೆ ಹಾಡುವವರು ತಾವಾಗಿ ಮೃದುವಾಗುತ್ತಾರೆ, ಚುರುಕು ಧ್ವನಿ ಕೇಳಿದರೆ ಸ್ವಲ್ಪ ಹಿಂದೆ ಸರಿಯುತ್ತಾರೆ. ‘ಆಮೇಲೆ ಬದಲಿಸಬಹುದಲ್ಲ’ ಎಂದು ಕಚ್ಚಾ ಸಿಗ್ನಲ್ ಕೇಳಿಸಿದರೆ ಆ ಪ್ರತಿಕ್ರಿಯೆ ಸಿಗುವುದಿಲ್ಲ. ತೊಂದರೆ ಲೇಟೆನ್ಸಿಯದ್ದು, ಅಂದರೆ ಧ್ವನಿ ಕಂಪ್ಯೂಟರ್ ಸುತ್ತಿ ಬರಲು ಆಗುವ ತಡದ್ದು. 48 ಕಿಲೋಹರ್ಟ್ಜ್‌ನಲ್ಲಿ 64 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಮ್ಮೆಗೆ ತೆಗೆದುಕೊಳ್ಳುವ ಧ್ವನಿಯ ತುಣುಕು) ಅಂದರೆ 1.3 ಮಿಲಿಸೆಕೆಂಡ್, 256 ಅಂದರೆ 5.3. ಇದು ಒಂದು ದಿಕ್ಕಿನದು. ಹೋಗಿಬರುವ ಹೊತ್ತು ಇದರ ಎರಡರಷ್ಟಕ್ಕಿಂತ ಹೆಚ್ಚು. ಹಾಡುವವರಿಗೆ ತಲೆಬುರುಡೆಯ ಮೂಲಕ ತಮ್ಮ ಧ್ವನಿ ತಕ್ಷಣ ಕೇಳುತ್ತಿರುತ್ತದೆ. ಹೆಡ್‌ಫೋನ್‌ನದ್ದು 3 ಮಿಲಿಸೆಕೆಂಡ್ ತಡವಾಗಿ ಅದಕ್ಕೆ ಬೆರೆತರೆ 167 ಹರ್ಟ್ಜ್ ಸುತ್ತ ಧ್ವನಿ ಕುಗ್ಗಿ ಗುಂಡಿ ಬೀಳುತ್ತದೆ, ಅದರ ಮೇಲೆ ಸಾಲುಸಾಲು ಗುಂಡಿಗಳು. ‘ನನ್ನ ಧ್ವನಿ ತೆಳ್ಳಗಾಯ್ತು’ ಎಂಬ ದೂರು ಬರುವುದು ಇದರಿಂದ, ಮಾಡೆಲ್‌ನಿಂದಲ್ಲ. ಪ್ಲಗಿನನ್ನು ಇಂಟರ್‌ಫೇಸ್‌ನ ಒಳಗೇ ಓಡಿಸುವ ಸೌಲಭ್ಯವಿದ್ದರೆ ಬಳಸಿ. ಇಲ್ಲವಾದರೆ ಬಫರ್ 64ಕ್ಕೆ ಇಳಿಸಿ, ಉಳಿದ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡಿ (ಪ್ಲಗಿನ್ ಸಮೇತ ತಾತ್ಕಾಲಿಕವಾಗಿ ಫೈಲಾಗಿಸಿ). ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರಿಂಗನ್ನು (ಕಚ್ಚಾ ಸಿಗ್ನಲನ್ನು ನೇರ ಹೆಡ್‌ಫೋನ್‌ಗೆ ಕೊಡುವುದು) ಮಾತ್ರ ಆಫ್ ಮಾಡಲು ಮರೆಯಬೇಡಿ. ಎರಡೂ ಒಟ್ಟಿಗೆ ಕೇಳಿದರೆ ಅದೇ ಗುಂಡಿ ಇನ್ನೂ ಆಳವಾಗುತ್ತದೆ.

ಇನ್ನು ಜಾಗ. ಮಾಡೆಲ್ ಬದಲಿಸಿದರೆ ಮೈಕ್ ಬದಲಾಗುತ್ತದೆ, ಮೈಕ್ ನಿಂತ ಜಾಗ ಬದಲಾಗುವುದಿಲ್ಲ. ಇದನ್ನು ಒಪ್ಪಿಕೊಳ್ಳದವರೇ ಎಸ್‌ಎಂ7ಬಿ (ಶೂರ್ ಕಂಪನಿಯ ಹೆಸರಾಂತ ಮೈಕ್) ಮಾಡೆಲ್ ಹಾಕಿ ‘ಕೋಣೆಯ ಸದ್ದು ಹೋಗಲೇ ಇಲ್ಲ’ ಎನ್ನುವುದು. ನಿಜವಾದ ಎಸ್‌ಎಂ7ಬಿ ಕೋಣೆಯನ್ನು ಕಡಿಮೆ ಹಿಡಿಯುವುದಕ್ಕೆ ಮುಖ್ಯ ಕಾರಣ ಜನ ಅದಕ್ಕೆ ಬಾಯಿ ತಾಗಿಸಿಕೊಂಡಂತೆ, ಐದು-ಆರು ಸೆಂಟಿಮೀಟರ್‌ನಲ್ಲಿ ಮಾತಾಡುವುದು. ದೂರ ಅರ್ಧವಾದಾಗಲೆಲ್ಲ ನೇರ ಧ್ವನಿ 6 ಡೆಸಿಬೆಲ್ ಏರುತ್ತದೆ, ಕೋಣೆಯ ಪ್ರತಿಧ್ವನಿ ಇದ್ದಲ್ಲೇ ಇರುತ್ತದೆ. 25 ಸೆಂಟಿಮೀಟರ್‌ನಲ್ಲಿ ನಿಂತು ಹಾಡಿ ಆ ಮಾಡೆಲ್ ಆರಿಸಿದರೆ ಸಿಗುವುದು 25 ಸೆಂಟಿಮೀಟರ್‌ನಲ್ಲಿಟ್ಟ ಎಸ್‌ಎಂ7ಬಿ. ಆ ಧ್ವನಿ ಬೇಕಿದ್ದರೆ ಹತ್ತಿರವೇ ಬರಬೇಕು. ಬಂದಾಗ ಪ, ಫ, ಬ, ಭಗಳ ಗಾಳಿ ದೊಡ್ಡ ಡಯಾಫ್ರಮನ್ನು ಗುದ್ದುತ್ತದೆ. ಪಾಪ್ ಫಿಲ್ಟರ್ ಜೊತೆಗೆ ಮೈಕನ್ನು ಬಾಯಿಯ ಒಂದು ಬದಿಗೆ 20 ಡಿಗ್ರಿ ಸರಿಸಿ, ಮುಖ ಮಾತ್ರ ಬಾಯಿಯತ್ತ ತಿರುಗಿಸಿ.

ಸಾಮಾನ್ಯ ಹಾಡಿಗೆ ನನ್ನದು 15ರಿಂದ 20 ಸೆಂಟಿಮೀಟರ್. ಪಾಪ್ ಫಿಲ್ಟರ್ ಮೈಕ್‌ನಿಂದ ಏಳೆಂಟು ಸೆಂಟಿಮೀಟರ್ ಮುಂದೆ. ಹಾಡುವವರ ಬೆನ್ನ ಹಿಂದೆ 10 ಸೆಂಟಿಮೀಟರ್ ದಪ್ಪದ, ಸದ್ದು ಹೀರುವ ರಾಕ್‌ವೂಲ್ ಪ್ಯಾನೆಲ್, ಏಕೆಂದರೆ ಮೈಕ್ ನೋಡುತ್ತಿರುವುದು ಆ ಕಡೆ. ಮೈಕ್‌ನ ಹಿಂದೆಯೂ ಒಂದು ಪ್ಯಾನೆಲ್ ಬೇಕು. ಓಮ್ನಿ ಅಥವಾ ಫಿಗರ್-8 ಆರಿಸುವ ಸ್ವಾತಂತ್ರ್ಯ ಉಳಿಯಬೇಕಾದರೆ ಆ ಗೋಡೆಯೂ ಸುಮ್ಮನಿರಬೇಕು. ಸಾಹಿತ್ಯದ ಹಾಳೆ ಇಡುವ ಸ್ಟ್ಯಾಂಡ್ ಮೋಸಗಾರ: ಅದಕ್ಕೆ ಬಡಿದು ಬರುವ ಧ್ವನಿ 34 ಸೆಂಟಿಮೀಟರ್ ಹೆಚ್ಚು ದಾರಿ ನಡೆದರೆ 500 ಹರ್ಟ್ಜ್‌ನಲ್ಲಿ ಗುಂಡಿ. ಸ್ಟ್ಯಾಂಡ್ ಮೇಲೆ ಟವೆಲ್ ಹಾಸಿ ಓರೆ ಮಾಡಿದರೆ ಸಾಕು.

ಗಿಟಾರ್ ನುಡಿಸುತ್ತಲೇ ಹಾಡುವವರಿಗೆ ಈ ಮೈಕ್ ಕೊಡುವಷ್ಟು ಅನುಕೂಲ ಬೇರೆ ಯಾವುದೂ ಕೊಡದು. ಧ್ವನಿಯ ಮೈಕನ್ನು ಅದರ ಪಕ್ಕೆ ಗಿಟಾರ್‌ನತ್ತ ತೋರುವಂತೆ ಓರೆಯಾಗಿಸಿ ಫಿಗರ್-8 ಇಡುತ್ತೇನೆ. ಹಾಡುವವರು ಸ್ವಲ್ಪ ಸರಿದು ಗಿಟಾರ್ ಸೋರಿದರೂ ಪರವಾಗಿಲ್ಲ: ಸದ್ದು ಅಳಿಯುವ ಕೋನ ಫಿಗರ್-8ರಲ್ಲಿ 90, ಹೈಪರ್‌ಕಾರ್ಡಿಯಾಯ್ಡ್‌ನಲ್ಲಿ ಸುಮಾರು 110, ಸೂಪರ್‌ಕಾರ್ಡಿಯಾಯ್ಡ್‌ನಲ್ಲಿ (ಕಾರ್ಡಿಯಾಯ್ಡ್‌ಗೂ ಹೈಪರ್‌ಗೂ ನಡುವಿನದು) 126. ರೆಕಾರ್ಡಿಂಗ್ ಮುಗಿದ ಮೇಲೆ ಪ್ಲಗಿನ್‌ನ ಪ್ಯಾಟರ್ನ್ (ಯಾವ ದಿಕ್ಕಿನ ಸದ್ದು ಹಿಡಿಯಬೇಕೆಂಬ) ಗುಬ್ಬಿಯನ್ನು ನಿಧಾನವಾಗಿ ತಿರುಗಿಸುತ್ತ ಗಿಟಾರ್ ಅತಿ ಕಡಿಮೆ ಕೇಳುವಲ್ಲಿ ನಿಲ್ಲಿಸುತ್ತೇನೆ. ಗೇನ್ ಹೊಂದಿಸಲು ಅಷ್ಟು ಒದ್ದಾಡಿದ್ದು ಇಲ್ಲಿ ಫಲ ಕೊಡುತ್ತದೆ.

ಮಾಡೆಲ್ ಆಯ್ಕೆಗೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ನಾಯ್‌ಮನ್ ಕಂಪನಿಯ 1949ರ ಯು 47, ಎಕೆಜಿಯ 1953ರ ಸಿ 12, ಮತ್ತೆ ನಾಯ್‌ಮನ್‌ನ 1967ರ ಯು 87 — ಈ ಮೂರರ ಮಾಡೆಲ್ ಎದುರುಬದುರು ಇಟ್ಟರೆ ಧ್ವನಿಗೆ ಯಾವ ದಿಕ್ಕು ಬೇಕೆಂದು ತಿಳಿಯುತ್ತದೆ: ತೆಳು ಧ್ವನಿಗೆ ಮೊದಲು ಯು 47, ಮಂಕು ಧ್ವನಿಗೆ ಸಿ 12, ಹಾಡಿನಲ್ಲಿ ವಾದ್ಯಗಳು ಕಿಕ್ಕಿರಿದಿದ್ದರೆ ಯು 87. ಪ್ರತಿ ಮಾಡೆಲ್‌ನ ಔಟ್‌ಪುಟ್ ಮಟ್ಟವನ್ನು ಅರ್ಧ ಡೆಸಿಬೆಲ್ ಒಳಗೆ ಸಮ ಮಾಡಿಕೊಳ್ಳದೆ ಹೋಲಿಸಬಾರದು. ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಚಾಳಿ. ಒಂಟಿಯಾಗಿ ಕೇಳದೆ ಪೂರ್ತಿ ಹಾಡಿನೊಳಗಿಟ್ಟು ಕೇಳಿ. ಸ, ಶ ಅಕ್ಷರಗಳು ಸಿ 12ರಲ್ಲಿ ಚುಚ್ಚುತ್ತಿದ್ದರೆ ಡಿ-ಎಸ್ಸರ್‌ಗೆ (ಆ ಅಕ್ಷರಗಳ ಚುಚ್ಚು ತಗ್ಗಿಸುವ ಪ್ಲಗಿನ್) ಓಡುವ ಮುನ್ನ ಮಾಡೆಲ್ ಬದಲಿಸಿ ನೋಡಿ. ಇದು ‘ನಿಜವಾದ ಯು 47ರಂತೆಯೇ ಇದೆಯೇ’ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಹಳೆಯ ಯು 47ಗಳೇ ಒಂದರಂತೆ ಇನ್ನೊಂದಿಲ್ಲ.

ಕೊನೆಯಲ್ಲಿ ಎರಡು ಫೈಲ್ ಉಳಿಸುತ್ತೇನೆ. ಕಚ್ಚಾ ಸ್ಟೀರಿಯೊ ಒಂದು, ನಿಮಿಷಕ್ಕೆ ಸುಮಾರು 17 ಎಂಬಿ. ಮಾಡೆಲ್ ಹಚ್ಚಿದ ಮೋನೊ ಇನ್ನೊಂದು, ಹೆಸರಿನಲ್ಲೇ ಮಾಡೆಲ್, ಪ್ಯಾಟರ್ನ್, ದೂರ ಬರೆದು. ಕೆಲವು ವರ್ಷ ಬಿಟ್ಟು ಆ ಪ್ಲಗಿನ್ ಹೊಸ ಕಂಪ್ಯೂಟರ್‌ನಲ್ಲಿ ತೆರೆಯದಿದ್ದರೆ ಕಚ್ಚಾ ಫೈಲ್‌ನ ಮುಂದಿನ ಚಾನೆಲ್ ಒಂದನ್ನೇ ತೆಗೆದುಕೊಂಡರೂ ಒಂದು ಸಾದಾ ಕಾರ್ಡಿಯಾಯ್ಡ್ ಮೈಕ್‌ನ ರೆಕಾರ್ಡಿಂಗ್ ಕೈಯಲ್ಲಿರುತ್ತದೆ. ಎಡ-ಬಲ ಎಂದು ತಪ್ಪು ತಿಳಿದು ಎರಡನ್ನೂ ಸ್ಟೀರಿಯೊ ಆಗಿ ಮಿಕ್ಸ್‌ಗೆ ಎಳೆಯುವವರು ಇರುತ್ತಾರಾದ್ದರಿಂದ ಹೆಸರಿನ ಮುಂದೆ ‘ಮುಂದೆ-ಹಿಂದೆ’ ಎಂದೂ ಸೇರಿಸಿರುತ್ತೇನೆ.