ಮೊದಲು ಗಿಡಕ್ಕೆ ಜಾಗ, ಆಮೇಲೆ ಟೇಬಲ್‌ಗೆ

ರೆಸ್ಟೋರೆಂಟ್ ಒಳಗೆ ಗಿಡ ಇಡೋದು ಸಾಮಾನ್ಯವಾಗಿ ಎಲ್ಲಕ್ಕಿಂತ ಕೊನೆಯ ಕೆಲಸ. ಬಣ್ಣ ಹೊಡೆದು, ಟೇಬಲ್ ಹಾಕಿ, ದೀಪ ನೇತುಹಾಕಿ, ಉಳಿದ ಮೂಲೆಗಳಲ್ಲಿ ಕುಂಡ ಇಡುತ್ತಾರೆ. ಉಳಿದ ಮೂಲೆ ಅಂದ್ರೆ ಯಾರಿಗೂ ಬೇಡವಾದ ಕತ್ತಲೆ ಮೂಲೆ. ಕೆಲವೇ ತಿಂಗಳಲ್ಲಿ ಗಿಡ ಸೊರಗುತ್ತದೆ, ಅದರ ಜಾಗಕ್ಕೆ ಪ್ಲಾಸ್ಟಿಕ್ ಗಿಡ ಬಂದು ಕೂರುತ್ತದೆ. ಹತ್ತು ಟೇಬಲ್ಲಿನ ಒಂದು ಪುಟ್ಟ ರೆಸ್ಟೋರೆಂಟಿನ ಒಳಾಂಗಣ ವಿನ್ಯಾಸದ ಕೆಲಸ ನನ್ನ ಕೈಗೆ ಬಂದಾಗ ಈ ಕ್ರಮವನ್ನೇ ತಿರುವುಮುರುವು ಮಾಡಿದೆ. ಮಾಲೀಕರಿಗೆ ಗಿಡಗಳೇ ಮುಖ್ಯವಾಗಿ ಕಾಣಬೇಕಿತ್ತು. ನಾನು ಹೇಳಿದ್ದು ಇಷ್ಟೇ: "ಟೇಬಲ್ ಎಲ್ಲಿಟ್ಟರೂ ಟೇಬಲ್ಲೇ ಸಾರ್. ಗಿಡ ಹಾಗಲ್ಲ. ಮೊದಲು ಅದರ ಜಾಗ ಗುರುತು ಮಾಡೋಣ."

ಹಾಗಾಗಿ ಮೊದಲ ಕೆಲಸ ಬೆಳಕು ಅಳೆಯೋದು. ಇದರಲ್ಲಿ ಕಣ್ಣನ್ನು ನಂಬಿ ಪ್ರಯೋಜನವಿಲ್ಲ. ಬೆಳಕು ಕಡಿಮೆಯಾದಂತೆ ಕಣ್ಣು ತಾನೇ ಹೊಂದಿಕೊಂಡುಬಿಡುತ್ತದೆ, ಕಿಟಕಿ ಪಕ್ಕವೂ ಹತ್ತು ಅಡಿ ಒಳಗೂ ನಮಗೆ ಹೆಚ್ಚೂಕಡಿಮೆ ಒಂದೇ ಥರ ಕಾಣುತ್ತದೆ. ಬೆಳಕನ್ನು ಲಕ್ಸ್ ಅನ್ನೋ ಮಾನದಲ್ಲಿ ಅಳೆಯುವ ಮೊಬೈಲಿನ ಲಕ್ಸ್ ಮೀಟರ್ ಆ್ಯಪ್ ಅಷ್ಟೇನೂ ಕರಾರುವಾಕ್ಕಲ್ಲ, ಆದರೆ ಒಂದು ಜಾಗಕ್ಕೂ ಇನ್ನೊಂದಕ್ಕೂ ಇರುವ ಅಂತರ ತಿಳಿಯೋಕೆ ಸಾಕು. ಖಾಲಿ ಹಾಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಎಳೆದು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಪ್ರತಿ ಚೌಕದ ಲಕ್ಸ್ ಬರೆದುಕೊಂಡೆ. ಎಲೆ ಎಷ್ಟು ಎತ್ತರದಲ್ಲಿ ಬರುತ್ತದೋ ಆ ಎತ್ತರಕ್ಕೇ ಫೋನ್ ಹಿಡಿಯಬೇಕು. ಕಿಟಕಿಯಿಂದ ಮೂರು ಅಡಿ ಒಳಗೆ 2000 ದಾಟುತ್ತಿತ್ತು. ಹತ್ತು ಅಡಿ ದೂರದಲ್ಲಿ 150 ಬಂದರೆ ಹೆಚ್ಚು.

ನೆರಳಿನ ಗಿಡ ಅಂತ ಮಾರುವ ಗಿಡಗಳಿಗೂ 500 ಲಕ್ಸ್ ಆಸುಪಾಸು ಬೇಕು, ಅದೂ ದಿನಕ್ಕೆ ಹತ್ತು ಹನ್ನೆರಡು ಗಂಟೆ. ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟ್ ಕತ್ತಲಲ್ಲೂ ಬದುಕುತ್ತವೆ ಅಂತಾರೆ. ಜೀಜೀಯ ಗಡ್ಡೆಯಲ್ಲಿ ನೀರು ಕೂಡಿಟ್ಟಿರುತ್ತದೆ, ಸ್ನೇಕ್ ಪ್ಲಾಂಟಿನ ದಪ್ಪ ಎಲೆಯಲ್ಲೂ ಹಾಗೇ. ಅದನ್ನು ಖರ್ಚು ಮಾಡಿಕೊಂಡು ಸಾಯೋಕೆ ಜಾಸ್ತಿ ದಿನ ತಗೋತವೆ, ಅಷ್ಟೇ.

ಆ ಚೌಕಗಳಲ್ಲಿ 500ಕ್ಕಿಂತ ಮೇಲಿನವನ್ನೆಲ್ಲ ಸೇರಿಸಿ ಒಂದು ಗೆರೆ ಎಳೆದೆ. ಕಿಟಕಿ ಕಡೆಯ ಆ ಪಟ್ಟಿಯೇ ಇಡೀ ವಿನ್ಯಾಸಕ್ಕೆ ಅಡಿಪಾಯ. ದೊಡ್ಡ ಗಿಡಗಳೆಲ್ಲ ಅಲ್ಲಿ. ಟೇಬಲ್ಲುಗಳು ಅವುಗಳ ನಡುವೆ ಒಂದಷ್ಟು, ಒಳಗಡೆ ಉಳಿದಷ್ಟು.

ಒಳಗಿನ ಗೋಡೆಗೂ ಹಸಿರು ಬೇಕು ಅಂದಾಗ ದೀಪದ ಪ್ರಶ್ನೆ ಬಂತು. ರಾತ್ರಿ ಊಟಕ್ಕೆ ಮಂದ, ಹಳದಿ ಬೆಳಕೇ ಚೆಂದ, 100-150 ಲಕ್ಸ್ ಸಾಕು. ಗಿಡಕ್ಕೆ ಅದರಲ್ಲಿ ಏನೂ ಸಿಗಲ್ಲ. ಆದರೆ ಗಿಡಕ್ಕೂ ಗಿರಾಕಿಗೂ ಒಂದೇ ಹೊತ್ತಿನಲ್ಲಿ ಬೆಳಕು ಕೊಡಬೇಕು ಅಂತ ಎಲ್ಲಿದೆ? ಗಿಡಗಳ ದೀಪಕ್ಕೆ ಬೇರೆಯೇ ಸರ್ಕ್ಯೂಟ್ ಹಾಕಿಸಿ ಟೈಮರ್ ಕೂರಿಸಿದೆ. ನಸುಕಿನಲ್ಲಿ ಅಂಗಡಿ ತೆರೆಯುವ ಮುಂಚೆಯೇ ಹತ್ತಿಕೊಳ್ಳುತ್ತದೆ, ಸಂಜೆ ಊಟದ ದೀಪ ಹತ್ತುವ ಹೊತ್ತಿಗೆ ಆರುತ್ತದೆ. 4000 ಕೆಲ್ವಿನ್‌ನ (ಕೆಲ್ವಿನ್ ಅಂದ್ರೆ ಬೆಳಕಿನ ಬಣ್ಣದ ಅಳತೆ) ಸಾಮಾನ್ಯ ಬಿಳಿ ಎಲ್‌ಇಡಿ. ಗಿಡಕ್ಕೆ ಅಂತಲೇ ಮಾರುವ ನೇರಳೆ ಬಣ್ಣದ ದೀಪ ಬೇಡವೇ ಬೇಡ, ಅದರ ಕೆಳಗೆ ತಟ್ಟೆಯಲ್ಲಿರೋದೆಲ್ಲ ಹಳಸಿದ ಹಾಗೆ ಕಾಣುತ್ತದೆ. ಇನ್ನೊಂದು ವಿಷಯ, ದೀಪವನ್ನು ಚಾವಣಿಗೆ ಅಂಟಿಸಬೇಡಿ. ಚಿಕ್ಕ ದೀಪದಿಂದ ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ವೈರ್ ಇಳಿಬಿಟ್ಟು ಎಲೆಗಳಿಂದ ಎರಡು ಅಡಿ ಮೇಲೆ ನಿಲ್ಲಿಸಿದೆ. ನೋಡೋಕೂ ಅದೇ ಚೆನ್ನಾಗಿದೆ.

ಟೇಬಲ್ಲುಗಳ ನಡುವೆ ಮರದ ಪಾರ್ಟಿಷನ್ ಹಾಕಲಿಲ್ಲ, ಉದ್ದನೆಯ ತೊಟ್ಟಿಗಳಲ್ಲಿ ಗಿಡಗಳನ್ನೇ ಸಾಲಾಗಿ ನಿಲ್ಲಿಸಿದೆ. ಎತ್ತರದ ಲೆಕ್ಕ ಇಲ್ಲಿ ಮುಖ್ಯ. ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು ನಾಲ್ಕು ಅಡಿ, ನಿಂತವರದ್ದು ಐದರ ಮೇಲೆ. ಎಲೆಗಳ ತುದಿ ನಾಲ್ಕೂಕಾಲು, ನಾಲ್ಕೂವರೆ ಅಡಿಗೆ ನಿಂತರೆ ಪಕ್ಕದ ಟೇಬಲ್‌ನವರ ಮುಖ ಕಾಣಲ್ಲ, ಆದರೆ ಬಡಿಸುವವರಿಗೆ ಯಾವ ಲೋಟ ಖಾಲಿಯಾಗಿದೆ ಅಂತ ಕಾಣುತ್ತದೆ. ಆರು ಅಡಿಯ ಪಾಮ್ ಸಾಲು ನಿಲ್ಲಿಸಿ ನೋಡಿ, ಗಿರಾಕಿ ಬಿಲ್ಲಿಗೆ ಕೈ ಎತ್ತಿ ಎತ್ತಿ ಸುಸ್ತಾಗುತ್ತಾರೆ.

ಈ ತೊಟ್ಟಿಗಳಲ್ಲಿ ಯಾವ ಗಿಡ ಅನ್ನೋದಕ್ಕೆ ಮಕ್ಕಳನ್ನು ನೆನಪಿಟ್ಟುಕೊಂಡೆ. ಮನಿ ಪ್ಲಾಂಟ್, ಪೀಸ್ ಲಿಲಿ, ಅಗ್ಲೋನಿಮಾ, ಡಿಫನ್‌ಬೇಕಿಯಾ ಇವುಗಳ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇರುತ್ತವೆ. ಜಗಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ. ಊಟ ಬರೋದು ತಡವಾದರೆ ಮಗು ಮೊದಲು ಕೈ ಹಾಕೋದೇ ಪಕ್ಕದ ಎಲೆಗೆ, ಅಲ್ವಾ? ಕೈಗೆಟಕುವ ಎತ್ತರದಲ್ಲಿ ಸ್ಪೈಡರ್ ಪ್ಲಾಂಟ್, ಪಾರ್ಲರ್ ಪಾಮ್, ಆಸ್ಪಿಡಿಸ್ಟ್ರಾ ಮಾತ್ರ. ಬಾಯಿ ಉರಿಸುವ ಗಿಡಗಳೆಲ್ಲ ಏಳು ಅಡಿ ಮೇಲಿನ ಶೆಲ್ಫಿಗೆ. ಮನಿ ಪ್ಲಾಂಟ್ ಅಲ್ಲಿಂದ ಇಳಿದು ಬಂದಂತೆ ತುದಿ ಕತ್ತರಿಸುತ್ತಿರಬೇಕು. ಟೇಬಲ್ ಮೇಲೆ ನೇರವಾಗಿ ಯಾವುದನ್ನೂ ತೂಗುಹಾಕಲಿಲ್ಲ. ಒಣ ಎಲೆ ಸಾರಿನೊಳಗೆ ಬೀಳೋದು ಒಂದು ತೊಂದರೆ. ಹತ್ತು ಲೀಟರಿನ ಕುಂಡದಲ್ಲಿ ಮಣ್ಣು ನೀರು ಕುಡಿದರೆ ಹತ್ತು ಕಿಲೋ ದಾಟುತ್ತದೆ, ಅದನ್ನು ಊಟ ಮಾಡುವವರ ತಲೆ ಮೇಲೆ ಯಾರು ಕಟ್ಟುತ್ತಾರೆ?

ನೀರಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಒಳಾಂಗಣದ ಗಿಡಗಳು ನೀರಿಲ್ಲದೆ ಸಾಯೋದಕ್ಕಿಂತ ನೀರು ಹೆಚ್ಚಾಗಿ ಸಾಯೋದೇ ಜಾಸ್ತಿ. ರೆಸ್ಟೋರೆಂಟಿನಲ್ಲಂತೂ ಕೆಲಸದವರು ನಾಲ್ಕು ಜನ ಇದ್ದರೆ ನಾಲ್ಕೂ ಜನ ಪ್ರೀತಿಯಿಂದ ನೀರು ಹಾಕುತ್ತಾರೆ. ಗಿರಾಕಿಗಳೂ ಲೋಟದಲ್ಲಿ ಉಳಿದದ್ದನ್ನು ಸುರಿಯುತ್ತಾರೆ. ಅದಕ್ಕೇ ಎಲ್ಲವೂ ಕುಂಡದೊಳಗೆ ಕುಂಡ. ಒಳಗಿನದು ತೂತಿರುವ ಅಗ್ಗದ ಪ್ಲಾಸ್ಟಿಕ್, ಹೊರಗಿನದು ನೋಡೋಕೆ ಚೆಂದದ್ದು. ನಡುವೆ ಒಂದೆರಡು ಇಂಚು ಎತ್ತರ ಬರುವಂತೆ ಬಿಲ್ಲೆ ಇಟ್ಟೆ. ಹೆಚ್ಚಾದ ನೀರು ಕೆಳಗೆ ನಿಲ್ಲುತ್ತದೆ, ಬೇರಿಗೆ ತಾಗಲ್ಲ, ನೆಲಕ್ಕೂ ಇಳಿಯಲ್ಲ. ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅನ್ನೋ ನಂಬಿಕೆ ಇದೆ. ಆಗೋದು ಉಲ್ಟಾ. ನುಣುಪು ಮಣ್ಣಿನ ಕೆಳಗೆ ದಪ್ಪ ಜಲ್ಲಿ ಇದ್ದರೆ ನೀರು ಆ ಗಡಿಯಲ್ಲೇ ತಡೆದು, ಒದ್ದೆ ಪದರ ಬೇರಿಗೆ ಇನ್ನೂ ಹತ್ತಿರ ಬರುತ್ತದೆ. ಜಲ್ಲಿ ಬಿಟ್ಟುಬಿಟ್ಟೆ.

ಒದ್ದೆ ಮಣ್ಣಿನ ಇನ್ನೊಂದು ಕಾಟ ನೊರಜು. ಮನೆಯಲ್ಲಾದರೆ ಸಹಿಸಬಹುದು, ಊಟದ ಜಾಗದಲ್ಲಿ ತಟ್ಟೆ ಮೇಲೆ ಒಂದು ಹಾರಾಡಿದರೂ ಮುಗಿಯಿತು. ಔಷಧಿ ಹೊಡೆಯುವ ಹಾಗೂ ಇಲ್ಲ. ಅದರ ಮರಿಗಳು ಬೆಳೆಯೋದು ಮಣ್ಣಿನ ಮೇಲಿನ ಎರಡು ಇಂಚು ಹಸಿಯಲ್ಲಿ. ಅಷ್ಟು ಒಣಗಿದ ಮೇಲೇ ನೀರು ಅನ್ನೋ ನಿಯಮ ಹಾಕಿದೆ. ಬೆರಳು ಎರಡನೇ ಗೆಣ್ಣಿನವರೆಗೆ ಇಳಿಸಿ ನೋಡಬೇಕು, ತಂಪು ಹತ್ತಿದರೆ ಆ ದಿನ ನೀರಿಲ್ಲ. ಕ್ಯಾಲೆಂಡರ್ ನೋಡಿ ನೀರು ಹಾಕೋದು ಬೇಡ. ಕುಂಡದ ಅಂಚಿನೊಳಗೆ, ಕಾಣದ ಹಾಗೆ, ಒಂದೊಂದು ಹಳದಿ ಅಂಟುಪಟ್ಟಿ ಇದೆ. ಅದಕ್ಕೆ ನೊರಜು ಅಂಟಿದ್ದು ಕಂಡರೆ ಯಾವ ಕುಂಡಕ್ಕೆ ನೀರು ಹೆಚ್ಚಾಗಿದೆ ಅಂತ ತಾನಾಗೇ ಗೊತ್ತಾಗುತ್ತದೆ.

ಏಸಿ ಗಾಳಿ ನೇರ ಬಡಿದರೆ ಎಲೆ ತುದಿ ಕಂದುತ್ತದೆ. ಗಾಳಿ ಎಲ್ಲಿ ಬೀಳುತ್ತದೆ ಅಂತ ನೋಡೋಕೆ ಟಿಶ್ಯೂ ಪೇಪರಿನ ಪಟ್ಟಿಯೊಂದನ್ನು ಕೋಲಿಗೆ ಅಂಟಿಸಿ ಹಾಲೆಲ್ಲ ತಿರುಗಿದೆ. ಪಟ್ಟಿ ಪಟಪಟ ಅಂದ ಕಡೆ ಗಿಡ ಇಲ್ಲ. ಅಡುಗೆಮನೆ ಬಾಗಿಲ ಹತ್ತಿರವೂ ಇಲ್ಲ, ಎಣ್ಣೆ ಹಬೆ ಎಲೆ ಮೇಲೆ ಕೂತು ಧೂಳು ಹಿಡಿಯುತ್ತದೆ. ಉಳಿದ ಕಡೆಯೂ ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಕು. ಹಾಗಾಗಿ ಎಲೆ ಮೇಲೆ ರೋಮ ಇರುವ ಗಿಡಗಳನ್ನು ಮೊದಲೇ ಕೈಬಿಟ್ಟೆ.

ಮಾಲೀಕರ ಎರಡು ಆಸೆಗಳಿಗೆ ಬೇಡ ಅಂದೆ. ಒಂದು, ಫ್ರೆಂಚ್ ಸಸ್ಯವಿಜ್ಞಾನಿ ಪ್ಯಾಟ್ರಿಕ್ ಬ್ಲಾಂಕ್ ಮಾಡುವಂಥ, ಫೆಲ್ಟ್ ಬಟ್ಟೆಯಲ್ಲಿ ಗಿಡ ಬೆಳೆಸುವ ಹಸಿರು ಗೋಡೆ. ಅದರಲ್ಲಿ ಮಣ್ಣೇ ಇಲ್ಲ, ಪಂಪು ನಿಂತರೆ ಗೋಡೆ ಬೇಗ ಒಣಗುತ್ತದೆ. ಪಂಪು ನೋಡಿಕೊಳ್ಳೋಕೆ ಬೇರೆ ಜನ ಇಲ್ಲದ ಪುಟ್ಟ ಜಾಗಕ್ಕೆ ಅದು ಭಾರ. ಶೆಲ್ಫ್ ಮೇಲೆ ಕುಂಡ ಸಾಲಾಗಿಟ್ಟರೆ ಒಂದು ಕೆಟ್ಟಾಗ ಒಂದನ್ನೇ ಬದಲಿಸಬಹುದು. ಎರಡನೆಯದು, 'ಈ ಗಿಡಗಳು ಗಾಳಿ ಶುದ್ಧ ಮಾಡುತ್ತವೆ' ಅನ್ನೋ ಬೋರ್ಡು. ಈ ಮಾತಿಗೆ ಆಧಾರವಾಗಿ ಹೇಳುವ ನಾಸಾದ 1989ರ ಪ್ರಯೋಗ ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ ನಡೆದದ್ದು. ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದ 2019ರ ಒಂದು ವಿಮರ್ಶೆಯ ಪ್ರಕಾರ, ಕಟ್ಟಡದೊಳಗೆ ಸಹಜವಾಗಿ ಗಾಳಿ ಓಡಾಡಿ ಆಗುವಷ್ಟು ಶುದ್ಧಿ ಗಿಡಗಳಿಂದ ಆಗಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಅಷ್ಟು ಇಟ್ಟರೆ ಕೂರೋಕೆ ಜಾಗ ಎಲ್ಲಿ? ಬೋರ್ಡು ಬರೆಸಲಿಲ್ಲ.

ನರ್ಸರಿಯಿಂದ ತಂದ ಗಿಡಗಳನ್ನು ನೇರ ಹಾಲಿಗೆ ಇಳಿಸಲಿಲ್ಲ. ಒಳ್ಳೆ ಬೆಳಕಿನಲ್ಲಿ ಬೆಳೆದವು ಒಳಗೆ ಬಂದ ಕೂಡಲೇ ಎಲೆ ಉದುರಿಸುತ್ತವೆ, ಅದರಲ್ಲೂ ಫೈಕಸ್. ಕೆಲವು ವಾರ ಹಿಂಬದಿಯ ನೆರಳಿನಲ್ಲಿಟ್ಟು ಆಮೇಲೆ ತಂದೆ. ಬೇಕಾದದ್ದಕ್ಕಿಂತ ಮೂರನೇ ಒಂದು ಪಾಲು ಹೆಚ್ಚಿಗೆ ತಂದಿದ್ದೆ. ಆ ಹೆಚ್ಚಿನವು ಈಗಲೂ ಹಿಂಬದಿಯಲ್ಲೇ ಇರುತ್ತವೆ. ಹಾಲಿನಲ್ಲಿ ಯಾವುದಾದರೂ ಸೊರಗಿದರೆ ಒಳಕುಂಡ ಎತ್ತಿ ಅಲ್ಲಿಗೆ ಒಯ್ಯುತ್ತಾರೆ, ಅಲ್ಲಿನದನ್ನು ಹೊರಕುಂಡಕ್ಕೆ ಕೂರಿಸುತ್ತಾರೆ. ಈ ಅದಲುಬದಲು, ಬೆರಳು ಪರೀಕ್ಷೆ, ಎಲೆ ಒರೆಸೋದು ಮೂರೂ ಒಬ್ಬರದೇ ಜವಾಬ್ದಾರಿ, ಅವರಿಗೆ ಬೆಳಿಗ್ಗೆ ಅರ್ಧ ಗಂಟೆ ಬಿಡುವು ಕೊಡಬೇಕು ಅಂತ ಕೆಲಸದ ಪಟ್ಟಿಯಲ್ಲೇ ಬರೆಸಿ, ಬೀಗದ ಕೈ ಮಾಲೀಕರಿಗೆ ಒಪ್ಪಿಸಿದೆ.