ಗೇಮ್ ಲ್ಯಾಗ್ ಆಗ್ತಿದೆಯಾ? ತಡ ಎಲ್ಲಿದೆ ಅಂತ ಹೀಗೆ ಹುಡುಕಿ

ಎದುರಾಳಿ ಗೋಡೆಯ ಮರೆಗೆ ಹೋಗುವ ಮೊದಲೇ ನೀವು ಗುಂಡು ಹಾರಿಸಿದ್ದೀರಿ. ಗುರಿಯೂ ಸರಿಯಾಗಿತ್ತು. ಆದರೂ ಅವನಿಗೆ ಏನೂ ಆಗಿಲ್ಲ, ಸತ್ತಿದ್ದು ನೀವು! ಇಂಥ ಹೊತ್ತಲ್ಲಿ ‘ನೆಟ್ ಸ್ಲೋ’ ಎಂದು ಬೈದು ಇನ್ನೂ ದುಬಾರಿ ಪ್ಲ್ಯಾನ್ ಹಾಕಿಸಿಕೊಳ್ಳುವವರೇ ಜಾಸ್ತಿ. ಹಾಕಿಸಿದ ಮೇಲೂ ಎಷ್ಟೋ ಸಲ ಲ್ಯಾಗ್ ಹಾಗೇ ಇರುತ್ತದೆ. ಏಕೆಂದರೆ ಆಡುವಾಗ ಹೆಚ್ಚಿನ ಗೇಮ್‌ಗಳಿಗೆ ಒಂದು ಎಂಬಿಪಿಎಸ್ ವೇಗವೂ ಬೇಕಾಗುವುದಿಲ್ಲ. ಕಳಿಸಿದ ಚೂರು ಡೇಟಾ ಬೇಗ ಹೋಗಿ, ಅದಕ್ಕೆ ಉತ್ತರ ಬೇಗ ಬರಬೇಕು, ಅಷ್ಟೆ. ಸ್ಪೀಡ್ ಟೆಸ್ಟ್‌ನಲ್ಲಿ ದೊಡ್ಡದಾಗಿ ಕಾಣುವ ಅಂಕಿ ಇದನ್ನು ಹೇಳುವುದೇ ಇಲ್ಲ.

ಹಾಗಾಗಿ ದುಡ್ಡು ಬಿಚ್ಚುವ ಮೊದಲು ತಡ ಎಲ್ಲಿ ಆಗುತ್ತಿದೆ ಎಂದು ಪತ್ತೆ ಮಾಡಿ. ನಿಮ್ಮ ಕೈಯಲ್ಲಿರುವ ಸಾಧನದಿಂದ ಶುರು ಮಾಡಿ ಹೊರಗೆ ಹೋಗುವುದು ಸುಲಭದ ದಾರಿ: ಕಂಪ್ಯೂಟರ್, ವೈಫೈ, ರೂಟರ್, ಇಂಟರ್‌ನೆಟ್ ಕಂಪನಿಯ ಲೈನ್, ಕೊನೆಗೆ ಗೇಮ್ ಸರ್ವರ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಮೂರು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದರೆ, ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಹೆಜ್ಜೆ 1: ಇದು ನೆಟ್‌ನ ತೊಂದರೆಯೇನಾ?

ಆಟದೊಳಗೆ ಸುಮ್ನೆ ನಿಂತು ಕ್ಯಾಮೆರಾವನ್ನು ಸುತ್ತ ತಿರುಗಿಸಿ. ದೃಶ್ಯವೇ ತಡೆತಡೆದು ತಿರುಗಿದರೆ ತೊಂದರೆ ಗ್ರಾಫಿಕ್ಸ್ ಅಥವಾ ಪ್ರೊಸೆಸರ್‌ನದ್ದು. ಗ್ರಾಫಿಕ್ಸ್ ಸೆಟ್ಟಿಂಗ್ ಕಡಿಮೆ ಮಾಡಿ ನೋಡಿ. ದೃಶ್ಯ ನುಣ್ಣಗೆ ತಿರುಗುತ್ತದೆ, ಆದರೆ ಬೇರೆ ಆಟಗಾರರು ಇಲ್ಲಿಂದ ಅಲ್ಲಿಗೆ ಜಿಗಿಯುತ್ತಾರೆ, ಓಡುತ್ತಿದ್ದ ನಿಮ್ಮನ್ನು ಯಾರೋ ಹಿಂದಕ್ಕೆ ಎಳೆದಂತಾಗುತ್ತದೆ ಅಂದರೆ ಅದು ನೆಟ್‌ವರ್ಕ್. ನೀವು ಬಟನ್ ಒತ್ತಿದ ಕೂಡಲೇ ಗೇಮ್, ಸರ್ವರ್‌ನ ಉತ್ತರಕ್ಕೆ ಕಾಯದೆ, ನಿಮ್ಮ ಪಾತ್ರವನ್ನು ಮುಂದೆ ಓಡಿಸಿರುತ್ತದೆ. ಆಮೇಲೆ ಸರ್ವರ್ ‘ನೀನು ಅಲ್ಲಿಲ್ಲ, ಇಲ್ಲಿದ್ದೀಯ’ ಎಂದಾಗ ಹಿಂದಕ್ಕೆ ತಂದು ನಿಲ್ಲಿಸುತ್ತದೆ.

ಹೆಚ್ಚಿನ ಗೇಮ್‌ಗಳ ಸೆಟ್ಟಿಂಗ್‌ನಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಪರದೆಯ ಮೇಲೆ ಮೂಡುವ ಚಿತ್ರಗಳ ಸಂಖ್ಯೆ) ಮತ್ತು ಪಿಂಗ್ (ನೆಟ್‌ನ ತಡ) ತೋರಿಸುವ ಆಯ್ಕೆ ಇರುತ್ತದೆ. ಲೀಗ್ ಆಫ್ ಲೆಜೆಂಡ್ಸ್‌ನಲ್ಲಾದರೆ ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿದರೆ ಸಾಕು. ಎರಡನ್ನೂ ಪರದೆಯ ಮೇಲೆ ಇಟ್ಟುಕೊಂಡೇ ಆಡಿ. ಲ್ಯಾಗ್ ಆದ ಕ್ಷಣದಲ್ಲಿ ಯಾವುದು ಕೆಟ್ಟಿತು ಎಂದು ಕಣ್ಣಿಗೇ ಕಾಣುತ್ತದೆ.

ಹೆಜ್ಜೆ 2: ಮೂರು ಅಂಕಿ ತಿಳಿದಿರಲಿ

ಪಿಂಗ್ ಅಂದರೆ ಡೇಟಾ ಹೋಗಿ ಬರಲು ಹಿಡಿಯುವ ಸಮಯ, ಮಿಲಿಸೆಕೆಂಡ್ ಲೆಕ್ಕದಲ್ಲಿ. ಅದು ಎಷ್ಟು ಏರಿಳಿಯುತ್ತದೆ ಅನ್ನುವುದು ಜಿಟ್ಟರ್. ಡೇಟಾದ ಚೂರುಗಳು, ಅಂದರೆ ಪ್ಯಾಕೆಟ್‌ಗಳು, ದಾರಿಯಲ್ಲೇ ಕಳೆದುಹೋಗುವುದು ಪ್ಯಾಕೆಟ್ ಲಾಸ್. ಎಲ್ಲರ ಕಣ್ಣು ಪಿಂಗ್ ಮೇಲೇ ಇರುತ್ತದೆ, ಆದರೆ ಆಟ ಕೆಡಿಸುವುದು ಉಳಿದೆರಡೇ ಜಾಸ್ತಿ. ಅಲುಗಾಡದ 80 ಮಿಲಿಸೆಕೆಂಡ್‌ಗೆ ಕೈ ಒಗ್ಗಿಕೊಳ್ಳುತ್ತದೆ. 30ರಿಂದ 150ಕ್ಕೆ ಹಾರಿ ಇಳಿಯುವ ಲೈನ್‌ಗೆ ಯಾರ ಕೈಯೂ ಒಗ್ಗುವುದಿಲ್ಲ.

ಹೆಜ್ಜೆ 3: ಮೊದಲು ರೂಟರ್‌ಗೆ ಪಿಂಗ್ ಮಾಡಿ

ಇಡೀ ಪರೀಕ್ಷೆಯಲ್ಲಿ ತುಂಬ ಉಪಯೋಗಕ್ಕೆ ಬರುವ ಹೆಜ್ಜೆ ಇದು. ಬಹಳ ಜನ ಇದನ್ನೇ ಬಿಟ್ಟುಬಿಡುತ್ತಾರೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು ಇಂಗ್ಲಿಷಿನಲ್ಲಿ ‘ಐಪಿಕಾನ್ಫಿಗ್’ (ಐ-ಪಿ-ಸಿ-ಓ-ಎನ್-ಎಫ್-ಐ-ಜಿ) ಎಂದು ಟೈಪ್ ಮಾಡಿ ಎಂಟರ್ ಒತ್ತಿ. ‘ಡಿಫಾಲ್ಟ್ ಗೇಟ್‌ವೇ’ ಎಂಬ ಸಾಲಿನಲ್ಲಿ ಕಾಣುವ ಅಂಕಿಯೇ ರೂಟರ್‌ನ ವಿಳಾಸ. ಅನೇಕ ಮನೆಗಳಲ್ಲಿ ಅದು 192.168.1.1 ಅಥವಾ 192.168.0.1 ಆಗಿರುತ್ತದೆ. ಈಗ ‘ಪಿಂಗ್’ ಎಂದು ಬರೆದು, ಜಾಗ ಬಿಟ್ಟು ಆ ವಿಳಾಸ ಹಾಕಿ, ಮತ್ತೆ ಜಾಗ ಬಿಟ್ಟು ಸಣ್ಣ ಅಡ್ಡಗೆರೆಯ ಪಕ್ಕ ಟಿ ಅಕ್ಷರ ಸೇರಿಸಿ. ಕಂಟ್ರೋಲ್-ಸಿ ಒತ್ತುವವರೆಗೂ ಅದು ಓಡುತ್ತಲೇ ಇರುತ್ತದೆ. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಕೊನೆಯ ಟಿ ಬೇಕಿಲ್ಲ.

ಇನ್ನೊಂದು ಕಿಟಕಿ ತೆರೆದು ಇದೇ ರೀತಿ 8.8.8.8ಕ್ಕೂ ಪಿಂಗ್ ಓಡಿಸಿ. ಇದು ಗೂಗಲ್‌ನ ಡಿಎನ್‌ಎಸ್ ಸರ್ವರ್, ಅಂದರೆ ವೆಬ್‌ಸೈಟ್ ಹೆಸರಿಗೆ ಅದರ ಅಂಕಿಯ ವಿಳಾಸ ಹುಡುಕಿಕೊಡುವ ಕಂಪ್ಯೂಟರ್. ಈಗ ಆಟ ಶುರು ಮಾಡಿ. ಲ್ಯಾಗ್ ಆದ ತಕ್ಷಣ ಎರಡೂ ಕಿಟಕಿ ನೋಡಿ.

ರೂಟರ್‌ನ ಕಿಟಕಿಯಲ್ಲಿ 2, 3, 2, 187, 3, 240, 2 ಎಂದು ಬರುತ್ತಿದ್ದರೆ ತೊಂದರೆ ಮನೆಯೊಳಗೇ ಇದೆ, ಕಂಪನಿಗೆ ಫೋನ್ ಮಾಡಿ ಕೂಗಾಡಿ ಪ್ರಯೋಜನವಿಲ್ಲ. ರೂಟರ್‌ನದ್ದು ಶಾಂತವಾಗಿದ್ದು 8.8.8.8 ಮಾತ್ರ ಕುಣಿಯುತ್ತಿದ್ದರೆ ತೊಂದರೆ ರೂಟರ್‌ನಿಂದಾಚೆಗೆ. ಎರಡೂ ಚೆನ್ನಾಗಿದ್ದು ಗೇಮ್ ಮಾತ್ರ ಲ್ಯಾಗ್ ಆದರೆ ಸರ್ವರ್ ಅಥವಾ ಅಲ್ಲಿಗೆ ಹೋಗುವ ದಾರಿಯ ಮೇಲೆ ಅನುಮಾನ ಪಡಬೇಕು.

ಹೆಜ್ಜೆ 4: ವೈಫೈ ಬಿಟ್ಟು ಕೇಬಲ್

ರೂಟರ್ ಪಿಂಗ್ ಕುಣಿಯುತ್ತಿದ್ದರೆ ಒಂದು ಲ್ಯಾನ್ ಕೇಬಲ್ ಹಾಕಿ ನೋಡಿ. ಸರಿಹೋಯಿತಾ? ಹಾಗಾದರೆ ವೈಫೈನದೇ ಕಿತಾಪತಿ. 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಇರುವುದೇ ಮೂರು: 1, 6, 11. ಅಕ್ಕಪಕ್ಕದ ಮನೆಗಳ ರೂಟರ್, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲದರ ಗದ್ದಲವೂ ಅಲ್ಲೇ. ಕೇಬಲ್ ಎಳೆಯಲು ಆಗದಿದ್ದರೆ 5 ಗಿಗಾಹರ್ಟ್ಸ್‌ಗೆ ಬದಲಿಸಿ, ರೂಟರ್ ಇರುವ ಕೋಣೆಯಲ್ಲೇ ಕೂತು ಆಡಿ. ಗೋಡೆ ದಾಟಿದಷ್ಟೂ 5 ಗಿಗಾಹರ್ಟ್ಸ್ ಸೊರಗುತ್ತದೆ.

ಹೆಜ್ಜೆ 5: ಮನೆಯಲ್ಲಿ ಬೇರೆ ಯಾರು ನೆಟ್ ಬಳಸುತ್ತಿದ್ದಾರೆ?

ಬೆಳಗಿನ ಜಾವ ಚೆನ್ನಾಗಿದ್ದು, ಮನೆಮಂದಿಯೆಲ್ಲ ಫೋನ್ ಹಿಡಿದ ಹೊತ್ತಿಗೆ ಲ್ಯಾಗ್ ಆಗುತ್ತದೆ ಅಂದರೆ ಇದನ್ನು ಪರೀಕ್ಷಿಸಿ. 8.8.8.8ಕ್ಕೆ ಪಿಂಗ್ ಓಡುತ್ತಿರುವಾಗಲೇ ಒಂದು ದೊಡ್ಡ ವಿಡಿಯೊವನ್ನು ಕ್ಲೌಡ್‌ಗೆ ಅಪ್‌ಲೋಡ್ ಮಾಡಿ. 20ರಲ್ಲಿದ್ದ ಪಿಂಗ್ 300, 400ಕ್ಕೆ ಏರಿ ಅಲ್ಲೇ ನಿಂತು, ಅಪ್‌ಲೋಡ್ ನಿಲ್ಲಿಸಿದ ಕೂಡಲೇ ಇಳಿದರೆ ಸಿಕ್ಕಿಬಿತ್ತು. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. 2010ರಲ್ಲಿ ಎಂಜಿನಿಯರ್ ಜಿಮ್ ಗೆಟಿಸ್ ತಮ್ಮ ಮನೆಯ ನೆಟ್‌ವರ್ಕ್‌ನಲ್ಲೇ ಇದನ್ನು ಗಮನಿಸಿ ಬರೆದ ಮೇಲೆ ಹೆಸರು ಚಾಲ್ತಿಗೆ ಬಂತು.

ಆಗುವುದು ಇಷ್ಟೆ. ಲೈನ್ ತುಂಬಿದಾಗ ಮೋಡೆಮ್ ಅಥವಾ ರೂಟರ್ ಡೇಟಾವನ್ನು ಬಿಸಾಡದೆ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ಕೌಂಟರ್‌ನಲ್ಲಿ ಮೂಟೆಗಟ್ಟಲೆ ಸಾಮಾನು ತಂದವರ ಹಿಂದೆ ಒಂದೇ ಒಂದು ಪತ್ರ ಹಿಡಿದವನು ನಿಂತ ಹಾಗೆ, ಗೇಮ್‌ನ ಪುಟಾಣಿ ಪ್ಯಾಕೆಟ್ ಅಪ್‌ಲೋಡ್‌ನ ಹಿಂದೆ ಕಾಯುತ್ತದೆ. ಬಹಳಷ್ಟು ಕನೆಕ್ಷನ್‌ಗಳಲ್ಲಿ ಅಪ್‌ಲೋಡ್ ವೇಗ ಕಡಿಮೆ. ಹಾಗಾಗಿ ಯಾರದೋ ಫೋನ್ ಫೋಟೊಗಳನ್ನು ತಾನೇ ಬ್ಯಾಕಪ್ ಮಾಡಿಕೊಂಡರೂ ಸಾಕು, ಲೈನ್ ತುಂಬುತ್ತದೆ.

ರೂಟರ್ ಸೆಟ್ಟಿಂಗ್‌ನಲ್ಲಿ ಎಸ್‌ಕ್ಯೂಎಂ, ‘ಎಫ್‌ಕ್ಯೂ-ಕೋಡೆಲ್’ ಅಥವಾ ‘ಕೇಕ್’ ಎಂಬ ಆಯ್ಕೆ ಇದೆಯೇ ನೋಡಿ. ಈ ಸಾಲನ್ನು ಚಿಕ್ಕದಾಗಿಡುವ ವ್ಯವಸ್ಥೆಗಳು ಇವು. ಇದ್ದರೆ ಆನ್ ಮಾಡಿ, ಅಳೆದ ವೇಗದ ಶೇ 85ರಿಂದ 90ರಷ್ಟನ್ನು ಮಿತಿಯಾಗಿ ಕೊಡಿ. ವೇಗ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಆ ಉದ್ದದ ಸಾಲು ಕಟ್ಟುವುದಿಲ್ಲ. ಗೇಮ್ ಆಡುವವರಿಗೆ ಇದು ಲಾಭದ ವ್ಯಾಪಾರವೇ. ಆಯ್ಕೆ ಇಲ್ಲದಿದ್ದರೆ ಆಡುವಷ್ಟು ಹೊತ್ತು ಬ್ಯಾಕಪ್ ಮತ್ತು ಅಪ್‌ಡೇಟ್‌ಗಳನ್ನು ನಿಲ್ಲಿಸಿ. ವಿಂಡೋಸ್‌ನ ರಿಸೋರ್ಸ್ ಮಾನಿಟರ್‌ನಲ್ಲಿ ನೆಟ್‌ವರ್ಕ್ ಪುಟ ತೆರೆದರೆ ಯಾವ ಪ್ರೋಗ್ರಾಂ ಎಷ್ಟು ಡೇಟಾ ಎಳೆಯುತ್ತಿದೆ ಎಂದು ಪಟ್ಟಿಯೇ ಸಿಗುತ್ತದೆ.

ಹೆಜ್ಜೆ 6: ಹೊರಗಿನ ದಾರಿ

ವಿಂಡೋಸ್‌ನಲ್ಲಿ ಟಿ-ಆರ್-ಎ-ಸಿ-ಇ-ಆರ್-ಟಿ ಎಂದು ಟೈಪ್ ಮಾಡಿ, ಜಾಗ ಬಿಟ್ಟು ಸರ್ವರ್ ವಿಳಾಸ ಕೊಟ್ಟರೆ ಡೇಟಾ ಹಾದುಹೋಗುವ ಒಂದೊಂದು ನಿಲ್ದಾಣವೂ ಸಾಲಾಗಿ ಬರುತ್ತದೆ. ಇಲ್ಲೇ ಹೆಚ್ಚಿನವರು ಎಡವುವುದು. ಐದನೇ ಸಾಲಿನಲ್ಲಿ 200 ಮಿಲಿಸೆಕೆಂಡ್ ಕಂಡು ‘ಕಳ್ಳ ಇವನೇ’ ಎಂದುಬಿಡುತ್ತಾರೆ. ಆರನೇ ಸಾಲಿನಿಂದ ಕೊನೆಯವರೆಗೆ ಮತ್ತೆ 30 ಇದ್ದರೆ ಐದನೆಯದು ನಿರಪರಾಧಿ. ದೊಡ್ಡ ರೂಟರ್‌ಗಳು ಡೇಟಾ ದಾಟಿಸುವುದಕ್ಕೆ ಮೊದಲ ಆದ್ಯತೆ ಕೊಡುತ್ತವೆ, ಇಂಥ ಪ್ರಶ್ನೆಗಳಿಗೆ ನಿಧಾನವಾಗಿ ಉತ್ತರಿಸುತ್ತವೆ, ಕೆಲವು ಉತ್ತರಿಸುವುದೇ ಇಲ್ಲ. ಆಗ ನಕ್ಷತ್ರದ ಗುರುತು ಬರುತ್ತದೆ. ಒಂದು ಸಾಲಿನಲ್ಲಿ ಏರಿದ್ದು ಕೊನೆಯವರೆಗೂ ಇಳಿಯದಿದ್ದರೆ ಮಾತ್ರ ಗಮನ ಕೊಡಿ. ಏರಿಕೆ ಸಹಜ ದೂರದಿಂದಲೂ ಇರಬಹುದು.

ದೂರಕ್ಕಂತೂ ಔಷಧಿ ಇಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಸರ್ವರ್ 5,000 ಕಿ.ಮೀ. ಆಚೆ ಇದ್ದರೆ, ದಾರಿ ನೇರವಾಗಿದ್ದರೂ ಹೋಗಿ ಬರಲು 50 ಮಿಲಿಸೆಕೆಂಡ್ ಬೇಕೇ ಬೇಕು. ಭೂಮಿಯಿಂದ 35,786 ಕಿ.ಮೀ. ಎತ್ತರದ ಉಪಗ್ರಹದ ಮೂಲಕ ಬರುವ ನೆಟ್ ಆದರೆ ಸುಮಾರು 480 ಮಿಲಿಸೆಕೆಂಡ್ ಬರೀ ಪ್ರಯಾಣಕ್ಕೇ ಹೋಗುತ್ತದೆ. ‘ಪಿಂಗ್ ಇಳಿಸುತ್ತೇವೆ’ ಎನ್ನುವ ಯಾವ ಆ್ಯಪ್‌ಗೂ ಇದನ್ನು ಬದಲಿಸಲು ಆಗದು. ವಿಪಿಎನ್ (ನಿಮ್ಮ ಡೇಟಾವನ್ನು ಬೇರೊಂದು ಸರ್ವರ್ ಮೂಲಕ ಹಾಯಿಸುವ ಸೇವೆ) ಕೂಡ, ಇಂಟರ್‌ನೆಟ್ ಕಂಪನಿ ಸುತ್ತುದಾರಿ ಹಿಡಿದಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಇಲ್ಲದಿದ್ದರೆ ಇನ್ನಷ್ಟು ತಡ. ಗೇಮ್ ಸೆಟ್ಟಿಂಗ್‌ನಲ್ಲಿ ಹತ್ತಿರದ ಸರ್ವರ್ ಆರಿಸಿದ್ದೀರಾ ಎಂದು ನೋಡಿ, ಗೇಮ್‌ನ ಸರ್ವರ್ ಸ್ಟೇಟಸ್ ಪುಟವನ್ನೂ ಒಮ್ಮೆ ತೆರೆಯಿರಿ.

ಕೇಬಲ್ ಹಾಕಿದ್ದೀರಿ, ರೂಟರ್ ಪಿಂಗ್ ಶಾಂತ, ಅಪ್‌ಲೋಡ್ ಏನೂ ಇಲ್ಲ, ಆದರೂ 8.8.8.8ರ ಕಿಟಕಿಯಲ್ಲಿ ‘ರಿಕ್ವೆಸ್ಟ್ ಟೈಮ್ಡ್ ಔಟ್’ (ಉತ್ತರ ಬರಲಿಲ್ಲ) ಎಂದು ಮತ್ತೆ ಮತ್ತೆ ಬರುತ್ತಿದೆಯೆಂದರೆ ಈಗ ಕಂಪನಿಗೆ ಫೋನ್ ಮಾಡಿ. ‘ಗೇಮ್ ಲ್ಯಾಗ್ ಆಗ್ತಿದೆ’ ಎಂದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಅಂತಾರೆ. ಅದರ ಬದಲು ‘ಕೇಬಲ್‌ನಲ್ಲಿ ರೂಟರ್‌ವರೆಗೆ ಲಾಸ್ ಇಲ್ಲ, ರೂಟರ್ ದಾಟಿದ ಮೇಲೆ ಪ್ಯಾಕೆಟ್ ಲಾಸ್ ಇದೆ, ಸಂಜೆ ಇಂತಿಷ್ಟು ಗಂಟೆಯಿಂದ ಇಂತಿಷ್ಟರವರೆಗೆ’ ಎಂದು ಹೇಳಿ, ಎರಡೂ ಕಿಟಕಿಗಳ ಸ್ಕ್ರೀನ್‌ಶಾಟ್ ಕಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.